ಕೊಪ್ಪಳ ಜಿಲ್ಲೆಯಲ್ಲಿ ಬಾಡಿಗೆ ಮನೆಗಳ ಮೇಲೆ ಹೂಡಿಕೆ: ಸಮಾಜದ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಜೈನ ಕುಟುಂಬಗಳಲ್ಲಿ ಉಳಿತಾಯದ ಹಣ ಸಾಮಾನ್ಯವಾಗಿ ಎರಡು ಕಡೆ ಹೋಗುತ್ತದೆ: ಒಂದು ಬಂಗಾರ, ಇನ್ನೊಂದು ಪ್ಲಾಟು. ಪ್ಲಾಟು ಕೊಂಡು ಸುತ್ತ ಕಲ್ಲು ನೆಟ್ಟು, ಹತ್ತು ವರ್ಷ ಬಿಟ್ಟು ಮಗಳ ಮದುವೆಗೋ ಮಗನ ಅಂಗಡಿಗೋ ಮಾರುವುದು ಹಳೆಯ ರೂಢಿ. ಈಚೆಗೆ ಇನ್ನೊಂದು ವಿಚಾರ ಹೆಚ್ಚು ಕೇಳಿಬರುತ್ತಿದೆ. ಅಂಗಡಿ ನಡೆಸುವ ಶಕ್ತಿ ಕುಂದಿದ ಮೇಲೆ, ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿದ ಮೇಲೆ, ತಿಂಗಳು ತಿಂಗಳು ಕೈಗೆ ಬರುವ ಆದಾಯ ಬೇಕು. ಅದಕ್ಕೆ ನಾಲ್ಕಾರು ಮನೆಗಳ ಒಂದು ಬಾಡಿಗೆ ಕಟ್ಟಡ ಕಟ್ಟೋಣವೇ ಎಂಬ ವಿಚಾರ ಅದು.

ಈ ಸೀಮೆಗೆ ಅದು ಹೊಸ ಯೋಚನೆಯಲ್ಲ. ಶಾಸನಗಳಲ್ಲಿ ಮಹಾತೀರ್ಥವೆಂದು ಹೆಸರಾದ ಕೊಪಣವೇ ಇಂದಿನ ಕೊಪ್ಪಳ. ಕರ್ನಾಟಕದ ಜೈನ ಶಾಸನಗಳಲ್ಲಿ ಬಸದಿಗಳಿಗೆ ಕೊಟ್ಟ ದತ್ತಿಗಳನ್ನು ಓದಿದರೆ ಹೊಲ, ತೋಟ, ಗಾಣ, ಮನೆ ಎಂಬ ಪಟ್ಟಿ ಮತ್ತೆ ಮತ್ತೆ ಸಿಗುತ್ತದೆ. ದಾನಿಗಳು ಕೊಡುತ್ತಿದ್ದದ್ದು ಒಮ್ಮೆ ಖರ್ಚಾಗಿ ಹೋಗುವ ಹಣವನ್ನಲ್ಲ, ವರ್ಷ ವರ್ಷ ಹುಟ್ಟುವ ಆದಾಯವನ್ನು. ಬಾಡಿಗೆ ಕಟ್ಟಡದ ಲೆಕ್ಕವೂ ಅದೇ. ಆದರೆ ಆ ಆದಾಯ ಗೋಡೆಯಿಂದ ಹುಟ್ಟುವುದಿಲ್ಲ. ಆ ಊರಿಗೆ ದುಡಿಯಲು, ಓದಲು ಬಂದವರ ಸಂಬಳದಿಂದ ಬರುತ್ತದೆ. ಪ್ಲಾಟಿನ ಬೆಲೆ ಏರಿದ ಕಡೆಯಲ್ಲೆಲ್ಲ ಬಾಡಿಗೆದಾರ ಸಿಗುತ್ತಾನೆ ಎಂಬ ಲೆಕ್ಕದಿಂದ ಕಟ್ಟಿದ ಮನೆಗಳು ಬೀಗ ಹಾಕಿಕೊಂಡು ನಿಲ್ಲುತ್ತವೆ.

ನಾಲ್ಕು ಊರು, ನಾಲ್ಕು ಲೆಕ್ಕ

ಕೊಪ್ಪಳ ಜಿಲ್ಲಾ ಕೇಂದ್ರ. ಆದರೆ 2011ರ ಜನಗಣತಿಯಲ್ಲಿ ಕೊಪ್ಪಳ ನಗರದ ಜನಸಂಖ್ಯೆ ಸುಮಾರು 70 ಸಾವಿರವಿದ್ದರೆ ಗಂಗಾವತಿಯದು ಸುಮಾರು 1.14 ಲಕ್ಷ. ವ್ಯಾಪಾರದ ಊರು ಗಂಗಾವತಿ, ನೌಕರಿಯ ಊರು ಕೊಪ್ಪಳ ಎಂದು ಹಿರಿಯರು ಹೇಳುವುದರಲ್ಲಿ ಅರ್ಥವಿದೆ. ಕೊಪ್ಪಳದಲ್ಲಿ ಜಿಲ್ಲಾಡಳಿತದ ಕಚೇರಿಗಳು, ನ್ಯಾಯಾಲಯ, 2015ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು, ಅದರ ಆಸ್ಪತ್ರೆ ಇವೆ. ಹೊಸಪೇಟೆ ರಸ್ತೆಯ ಬದಿಗೆ ಗಿಣಿಗೇರಾ, ಬೇವಿನಹಳ್ಳಿ ಕಡೆ ಉಕ್ಕು ಮತ್ತು ಬೀಡು ಕಬ್ಬಿಣದ ಕಾರ್ಖಾನೆಗಳಿವೆ. ವರ್ಗವಾಗಿ ಬರುವ ನೌಕರ, ನರ್ಸು, ಕಿರಿಯ ವೈದ್ಯ, ಕಾರ್ಖಾನೆಯ ಸೂಪರ್‌ವೈಸರ್, ಇವರು ಮನೆ ಕೊಳ್ಳುವುದಿಲ್ಲ, ಬಾಡಿಗೆ ಹಿಡಿಯುತ್ತಾರೆ. ಹಾಗಾಗಿ ನಾಲ್ಕೂ ಊರುಗಳಲ್ಲಿ ತಿಂಗಳ ಬಾಡಿಗೆಯ ಮಟ್ಟಿಗೆ ನಂಬಬಹುದಾದದ್ದು ಕೊಪ್ಪಳವೇ. ಇಲ್ಲಿ ದೊಡ್ಡ ಮೂರು ಖೋಲಿಯ ಮನೆಗಿಂತ ಒಂದು ಅಥವಾ ಎರಡು ಖೋಲಿಯ, ನೀರು ಚೆನ್ನಾಗಿರುವ, ಗಾಡಿ ನಿಲ್ಲಿಸಲು ಜಾಗವಿರುವ ಮನೆ ಬೇಗ ಹೋಗುತ್ತದೆ.

ಕಾರ್ಖಾನೆಯ ವಿಷಯದಲ್ಲಿ ಒಂದು ಎಚ್ಚರಿಕೆ. ನಡೆಯುತ್ತಿರುವ ಕಾರ್ಖಾನೆ ಬೇರೆ, ಬರಲಿದೆ ಎಂದು ಸುದ್ದಿಯಾದ ಕಾರ್ಖಾನೆ ಬೇರೆ. 2025ರ ಆರಂಭದಲ್ಲಿ ಕೊಪ್ಪಳದ ಪಕ್ಕದ ದೊಡ್ಡ ಉಕ್ಕಿನ ಯೋಜನೆಗೆ ಹೊಗೆ ಮತ್ತು ಬೂದಿಯ ಕಾರಣಕ್ಕೆ ಊರಿಗೆ ಊರೇ ವಿರೋಧ ಮಾಡಿತು, ಕೆಲಸ ನಿಲ್ಲಿಸುವಂತೆ ಸರ್ಕಾರ ಸೂಚಿಸಿತು. ಆ ವಾದದಲ್ಲಿ ಯಾರ ಪರ ನಿಂತರೂ ಸರಿ, ಹೂಡಿಕೆದಾರನಿಗೆ ಸಂಬಂಧಿಸಿದ ಮಾತು ಇಷ್ಟೇ: ಸುದ್ದಿ ನಂಬಿ ಏರಿದ ಪ್ಲಾಟಿನ ದರದಲ್ಲಿ ಬಾಡಿಗೆ ಮನೆ ಕಟ್ಟಿದರೆ ಲೆಕ್ಕ ಕೂಡುವುದಿಲ್ಲ. ಕಾರ್ಖಾನೆಗಳ ಗಾಳಿ ಬೀಸುವ ದಿಕ್ಕಿನಲ್ಲಿರುವ ಬಡಾವಣೆಗಳಲ್ಲಿ ಮಾಳಿಗೆಯ ಮೇಲೆ ಕಪ್ಪು ಧೂಳು ಕೂರುತ್ತದೆಯೇ ಎಂದು ಒಮ್ಮೆ ಬರಿಗೈಯಲ್ಲಿ ಒರೆಸಿ ನೋಡಿದರೂ ಸಾಕು. ಮಕ್ಕಳಿರುವ ಕುಟುಂಬಗಳು ಅಂಥ ಕಡೆ ಹೆಚ್ಚು ದಿನ ನಿಲ್ಲುವುದಿಲ್ಲ.

ಗಂಗಾವತಿ ಭತ್ತದ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಅದರಿಂದ ಬೆಳೆಯುವ ಭತ್ತ, ಭತ್ತದ ಹಿಂದೆ ಅಕ್ಕಿ ಗಿರಣಿ, ಗಿರಣಿಯ ಹಿಂದೆ ಲಾರಿ, ಗೋದಾಮು, ಗೊಬ್ಬರದ ಅಂಗಡಿ, ಬ್ಯಾಂಕು. ಇಲ್ಲಿ ವಾಸದ ಮನೆಗಿಂತ ಅಂಗಡಿ ಮಳಿಗೆ, ಗೋದಾಮುಗಳ ಬಾಡಿಗೆಗೆ ಗಿರಾಕಿ ಹೆಚ್ಚು. ಆದರೆ ಇಡೀ ಸರಪಳಿ ಕಾಲುವೆಯ ನೀರಿಗೆ ಕಟ್ಟಿಕೊಂಡಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಈ ಸೀಮೆಯ ವ್ಯಾಪಾರಿಗಳು ನಿದ್ದೆಗೆಟ್ಟದ್ದು ಸುಮ್ಮನೆ ಅಲ್ಲ. ಆಮೇಲೆ 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವೂ ಬಂತು. ಒಂದು ಬೆಳೆ ತಪ್ಪಿದರೆ ಗೋದಾಮು ಖಾಲಿ, ಮಳಿಗೆಯ ಬಾಡಿಗೆ ಬಾಕಿ. ಗಂಗಾವತಿಯಲ್ಲಿ ಮಳಿಗೆ ಕಟ್ಟುವವರು ಆರು ತಿಂಗಳ ಬಾಡಿಗೆ ಬಾರದಿದ್ದರೂ ಬ್ಯಾಂಕಿನ ಕಂತು ಕಟ್ಟುವ ಶಕ್ತಿ ಇಟ್ಟುಕೊಂಡೇ ಕಟ್ಟಬೇಕು.

ಕುಷ್ಟಗಿಗೆ ಹೆದ್ದಾರಿಯ ಅನುಕೂಲವಿದೆ. ವಿಜಯಪುರದಿಂದ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಊರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಗದಗ–ವಾಡಿ ಮಾರ್ಗದಲ್ಲಿ ತಳಕಲ್‌ನಿಂದ ಕುಕನೂರು, ಯಲಬುರ್ಗಾ ಮೂಲಕ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲೂ ಬಂತು. ರೈಲು ಬಂದ ಕೂಡಲೇ ಬಾಡಿಗೆ ಏರುತ್ತದೆ ಎಂದು ದಲ್ಲಾಳಿಗಳು ಹೇಳುತ್ತಾರೆ. ದಿನಕ್ಕೆ ಎಷ್ಟು ಗಾಡಿ ಓಡುತ್ತವೆ, ಯಾವ ಹೊತ್ತಿಗೆ ಎಂಬುದರ ಮೇಲೆ ಆ ಮಾತು ನಿಂತಿದೆ. ರೈಲು ಕೆಲವೊಮ್ಮೆ ಉಲ್ಟಾ ಕೆಲಸವನ್ನೂ ಮಾಡುತ್ತದೆ: ಹುಬ್ಬಳ್ಳಿ, ಗದಗಿನಿಂದ ಬಂದುಹೋಗುವುದು ಸುಲಭವಾದರೆ ನೌಕರರು ಇಲ್ಲಿ ಮನೆ ಮಾಡುವುದನ್ನೇ ಬಿಡುತ್ತಾರೆ.

ಯಲಬುರ್ಗಾ ಸಣ್ಣ ಊರು, ಪಟ್ಟಣ ಪಂಚಾಯಿತಿ. ಶಿಕ್ಷಕರು, ತಾಲ್ಲೂಕು ಕಚೇರಿಯವರು, ಬ್ಯಾಂಕಿನವರು ಬಿಟ್ಟರೆ ಬಾಡಿಗೆದಾರರು ಕಡಿಮೆ. ಇಲ್ಲಿ ಇರುವ ಪೂರ್ವಜರ ಮನೆಯನ್ನೇ ಎರಡು ಭಾಗ ಮಾಡಿ ದುರಸ್ತಿ ಮಾಡಿಸಿ ಕೊಡುವುದು ಜಾಣತನ. ಸಾಲ ಮಾಡಿ ಆರು ಮನೆ ಕಟ್ಟುವುದು ಅಲ್ಲ.

ಕಾಗದದ ಮೇಲೆ ಒಂದು ಲೆಕ್ಕ

ಕೊಪ್ಪಳದಂಥ ಊರಿನಲ್ಲಿ 30×50 ಅಡಿ ಪ್ಲಾಟಿನ ಮೇಲೆ ಮೂರು ಅಂತಸ್ತು, ಅಂತಸ್ತಿಗೆ ಎರಡರಂತೆ ಆರು ಮನೆ ಎಂದು ಇಟ್ಟುಕೊಳ್ಳೋಣ. ಪ್ಲಾಟು, ಕಟ್ಟಡ, ನೋಂದಣಿ ಸೇರಿ 75 ಲಕ್ಷ ರೂಪಾಯಿ. ಮನೆಗೆ 7,000 ಬಾಡಿಗೆ. ಇದು ಲೆಕ್ಕ ತೋರಿಸಲು ಹಿಡಿದ ಅಂಕಿ. ಓದುಗರು ತಮ್ಮ ಓಣಿಯ ದರ ಹಾಕಿಕೊಳ್ಳಬೇಕು. ತಿಂಗಳಿಗೆ 42,000, ವರ್ಷಕ್ಕೆ 5,04,000. ಬಹಳ ಜನ ಲೆಕ್ಕ ನಿಲ್ಲಿಸುವುದು ಇಲ್ಲಿಗೇ. ಆದರೆ ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಪ್ರತಿ ಮನೆ ವರ್ಷಕ್ಕೊಂದು ತಿಂಗಳು ಖಾಲಿ ಇದ್ದರೂ 42,000 ಹೋಯಿತು. ಮನೆ ಕರ, ಮೋಟಾರು ರಿಪೇರಿ, ಬಣ್ಣ, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸುವುದು, ಮೆಟ್ಟಿಲಿನ ದೀಪ, ಗುಡಿಸುವವರ ಸಂಬಳ ಎಲ್ಲ ಸೇರಿ 60,000 ಹಿಡಿದರೆ ಉಳಿಯುವುದು 4,02,000. ಹಾಕಿದ 75 ಲಕ್ಷಕ್ಕೆ ಶೇ 5.4ರ ಆಸುಪಾಸು.

ಈಗ ಇದೇ ಕಟ್ಟಡಕ್ಕೆ 40 ಲಕ್ಷ ಬ್ಯಾಂಕ್ ಸಾಲ, ಶೇ 9 ಬಡ್ಡಿ, 15 ವರ್ಷ ಎಂದರೆ ತಿಂಗಳ ಕಂತು 40,570 ರೂಪಾಯಿ ಆಗುತ್ತದೆ. ವರ್ಷಕ್ಕೆ ಸುಮಾರು 4.87 ಲಕ್ಷ. ಅಂದರೆ ಆರು ಮನೆಗಳ ನಿವ್ವಳ ಬಾಡಿಗೆ ಕೊಟ್ಟರೂ ಸಾಲದೆ, ಮಾಲೀಕ ವರ್ಷಕ್ಕೆ ಸುಮಾರು 85 ಸಾವಿರ ಕೈಯಿಂದ ಹಾಕಬೇಕು, ಅದೂ ಹದಿನೈದು ವರ್ಷ. ಸಾಲ 20 ಲಕ್ಷಕ್ಕೆ ಇಳಿದರೆ ಕಂತು ವರ್ಷಕ್ಕೆ 2.43 ಲಕ್ಷ, ಆಗ ಸುಮಾರು ಒಂದೂವರೆ ಲಕ್ಷ ಕೈಗೆ ಉಳಿಯುತ್ತದೆ. ನಿವ್ವಳ ಬಾಡಿಗೆ ಶೇ 5ರಿಂದ 6, ಸಾಲದ ಬಡ್ಡಿ ಶೇ 9 ಇರುವ ತನಕ ದೊಡ್ಡ ಸಾಲ ಮಾಡಿ ಬಾಡಿಗೆ ಕಟ್ಟಡ ಕಟ್ಟುವುದು ನಷ್ಟದ ವ್ಯಾಪಾರವೇ. ಜಾಗದ ಬೆಲೆ ಏರಿದರೆ ಮಾತ್ರ ಅದು ಸರಿಹೋಗುತ್ತದೆ. ಬ್ಯಾಂಕ್ ಠೇವಣಿಯ ಬಡ್ಡಿ ಇದಕ್ಕಿಂತ ಹೆಚ್ಚೇ ಸಿಗುವ ಕಾಲವೂ ಇದೆ. ಹಾಗಾದರೆ ಕಟ್ಟುವುದೇಕೆ? ಠೇವಣಿಯ ಬಡ್ಡಿ ನಿಂತಲ್ಲೇ ನಿಲ್ಲುತ್ತದೆ, ಬಾಡಿಗೆ ನಿಧಾನವಾಗಿಯಾದರೂ ಏರುತ್ತದೆ, ಜಾಗ ಕೈಯಲ್ಲಿರುತ್ತದೆ. ಪೂರ್ವಜರಿಂದ ಬಂದ ಜಾಗ ಈಗಾಗಲೇ ಇರುವವರಿಗೆ ಲೆಕ್ಕ ಬಹಳ ಸುಧಾರಿಸುತ್ತದೆ. ಹೊಸದಾಗಿ ಜಾಗ ಕೊಂಡು, ಸಾಲ ಮಾಡಿ ಕಟ್ಟುವವರು ಎರಡು ಸಲ ಯೋಚಿಸಬೇಕು.

ಆದಾಯ ತೆರಿಗೆಯ ಮಾತು ಇದರ ಜೊತೆಗೇ ಬರುತ್ತದೆ. ಬಂದ ಬಾಡಿಗೆಯಿಂದ ಕಟ್ಟಿದ ಮನೆ ಕರ ಕಳೆದು, ಉಳಿದದ್ದರಲ್ಲಿ ಶೇ 30ನ್ನು ಖರ್ಚಿನ ಬಾಬ್ತು ಎಂದು ರಸೀದಿಯಿಲ್ಲದೆಯೇ ಕಳೆಯಬಹುದು. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನೂ ಆ ಆದಾಯದಲ್ಲಿ ಕಳೆಯಬಹುದು. ಆದರೆ ಬಡ್ಡಿ ಬಾಡಿಗೆಗಿಂತ ಹೆಚ್ಚಾಗಿ ನಷ್ಟ ತೋರಿದರೆ ಹೊಸ ತೆರಿಗೆ ಪದ್ಧತಿಯಲ್ಲಿ ಆ ನಷ್ಟವನ್ನು ವ್ಯಾಪಾರದ ಲಾಭಕ್ಕಾಗಲಿ ಸಂಬಳಕ್ಕಾಗಲಿ ಹೊಂದಿಸಲು ಆಗದು. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಅವಕಾಶವಿದೆ. ಅಂಗಡಿ ಮಳಿಗೆಗಳ ಬಾಡಿಗೆ ಮತ್ತು ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಕುಟುಂಬವೊಂದು ವಾಸಕ್ಕೆ ಹಿಡಿದ ಮನೆಯ ಬಾಡಿಗೆಗೆ ಜಿಎಸ್‌ಟಿ ಇಲ್ಲ. ಮಾಲೀಕ ವಿದೇಶದಲ್ಲಿ ನೆಲೆಸಿದ ಮಗನಾಗಿದ್ದರೆ ಬಾಡಿಗೆ ಕೊಡುವವರೇ ಶೇ 30ಕ್ಕೂ ಹೆಚ್ಚು ತೆರಿಗೆ ಮುರಿದುಕೊಂಡು ಕಟ್ಟಬೇಕೆಂಬ ನಿಯಮವಿದೆ. ಸಣ್ಣ ಊರಿನ ಬಾಡಿಗೆದಾರನಿಗೆ ಅದು ಗೊತ್ತೇ ಇರುವುದಿಲ್ಲ. ಆಸ್ತಿ ಯಾರ ಹೆಸರಿನಲ್ಲಿರಬೇಕು ಎಂದು ನಿರ್ಧರಿಸುವಾಗಲೇ ಇದನ್ನು ನೆನಪಿಡಬೇಕು.

ಕಾಗದ ಪತ್ರ

ಊರ ಹೊರಗೆ ಗುಂಟೆ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುವ ಪ್ಲಾಟು ಎಂದರೆ ಅದು ಬಹುಪಾಲು ಎನ್.ಎ. ಆಗದ ಹೊಲ. ಜಿಲ್ಲಾಧಿಕಾರಿಗಳ ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ನಗರ ವ್ಯಾಪ್ತಿಯಲ್ಲಾದರೆ ಇ-ಆಸ್ತಿ ಖಾತೆ, ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಇಷ್ಟೂ ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಮುಂಗಡ ಕೊಡಬೇಕು. ಅನಧಿಕೃತ ಆಸ್ತಿಗಳಿಗೆ ಸರ್ಕಾರ ಬಿ-ಖಾತೆ ಕೊಡುತ್ತಿದೆ. ಅದು ಕರ ಕಟ್ಟಿಸಿಕೊಳ್ಳುವ ದಾಖಲೆ, ಕಟ್ಟಡ ಸಕ್ರಮವಾಯಿತು ಎಂಬ ಪತ್ರವಲ್ಲ. ಬಿ-ಖಾತೆಯ ಜಾಗಕ್ಕೆ ಬ್ಯಾಂಕ್ ಸಾಲ ಕಷ್ಟ, ಮುಂದೆ ಮಾರುವುದು ಇನ್ನೂ ಕಷ್ಟ.

ಋಣಭಾರ ಪತ್ರವನ್ನು ಕನಿಷ್ಠ 30 ವರ್ಷದ್ದು ತೆಗೆಸಬೇಕು. ಈ ಜಿಲ್ಲೆಗೆ ಇನ್ನೊಂದು ತೊಡಕಿದೆ. 1948ರವರೆಗೆ ಇದು ನಿಜಾಮರ ಆಳ್ವಿಕೆಯ ನಾಡು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದವು. ಊರೊಳಗಿನ ಹಳೆಯ ಮನೆ, ಖುಲ್ಲಾ ಜಾಗಗಳ ಮೂಲ ಕಾಗದ ಉರ್ದುವಿನಲ್ಲಿ ಇರುವುದುಂಟು. ಓದಲು ಬಾರದೆಂದು ಅದನ್ನು ಬದಿಗಿಟ್ಟು ಈಚಿನ ಉತಾರ ಒಂದನ್ನೇ ನಂಬಬಾರದು. ಉರ್ದು ಬಲ್ಲ ಹಳೆಯ ದಸ್ತು ಬರಹಗಾರರು ಇನ್ನೂ ಸಿಗುತ್ತಾರೆ. ಓದಿಸಿ, ಕನ್ನಡದಲ್ಲಿ ಬರೆಸಿ ಇಟ್ಟುಕೊಳ್ಳುವುದು ಒಳಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿಯ ನಂತರ, ಎಷ್ಟು ವರ್ಷ ಕಳೆದಿದೆ ಎಂಬ ನೆಪವೂ ನಡೆಯದು. ಇದು ಕೇವಲ ಕಾನೂನಿನ ತೊಡಕಲ್ಲ. ಬಡವನಿಗೆ ಸೇರಿದ ನೆಲ ಅದು.

ನೋಂದಣಿಯ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ 5, ಅದರ ಮೇಲೆ ಉಪಕರ. ನೋಂದಣಿ ಶುಲ್ಕ ಮೊದಲು ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಶೇ 1 ತೆರಿಗೆ ಮುರಿದು ಕಟ್ಟಬೇಕು. ಆಸ್ತಿಯ ಮುಂಗಡವಾಗಿ 20 ಸಾವಿರ ಅಥವಾ ಅದಕ್ಕೂ ಹೆಚ್ಚಿನ ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅರ್ಧ ಕರಿ, ಅರ್ಧ ಬಿಳಿ ಎಂಬ ಹಳೆಯ ಮಾತುಕತೆಗೆ ವ್ಯಾಪಾರಸ್ಥ ಸಮಾಜದ ಹಿರಿಯರು ಇನ್ನಾದರೂ ತೆರೆ ಎಳೆಯಬೇಕು. ಮಾರುವ ದಿನ ಬಂದಾಗ ಕಡಿಮೆ ತೋರಿಸಿದ ಬೆಲೆಯೇ ತೆರಿಗೆಯಾಗಿ ತಿರುಗಿ ಬರುತ್ತದೆ, ಅಚೌರ್ಯ ವ್ರತದ ಮಾತು ಒತ್ತಟ್ಟಿಗಿರಲಿ.

ಆನೆಗೊಂದಿ ಕಡೆಯ ಪಾಠ

ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರ, ಅಂಜನಾದ್ರಿ ಸುತ್ತ ಪ್ರವಾಸಿಗರು ಹೆಚ್ಚಾದಂತೆ ಹೋಂಸ್ಟೇ, ಲಾಡ್ಜ್ ಕಟ್ಟುವ ಆಸೆ ಅನೇಕರಿಗೆ ಹುಟ್ಟಿದೆ. ಅವರು ವಿರೂಪಾಪುರ ಗಡ್ಡೆಯ ಕಥೆಯನ್ನು ತಿಳಿದಿರಬೇಕು. ಹಂಪಿಯ ಎದುರು, ತುಂಗಭದ್ರೆಯ ನಡುವಿನ ಆ ಗಡ್ಡೆಯಲ್ಲಿ ವರ್ಷಗಟ್ಟಲೆ ರೆಸಾರ್ಟುಗಳು ನಡೆದವು. ವಿದೇಶಿಯರು ಬಂದರು, ಬಾಡಿಗೆ ಬಂತು, ಕರೆಂಟು ಬಂತು. ಆದರೆ ಆ ಜಾಗ ಸಂರಕ್ಷಿತ ಪ್ರದೇಶದೊಳಗಿತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್ ಹೊತ್ತಿಗೆ ಜೆಸಿಬಿಗಳು ಬಂದವು. ಕರೆಂಟು ಮೀಟರು, ಪಂಚಾಯಿತಿ ಕರದ ರಸೀದಿ ಯಾವುದೂ ಕಟ್ಟಡವನ್ನು ಉಳಿಸಲಿಲ್ಲ. ಈ ಭಾಗದ ಹಳ್ಳಿಗಳು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಸೇರುತ್ತವೆ. ಅಲ್ಲಿ ಒಂದು ಖೋಲಿ ಹೆಚ್ಚಿಸುವುದಕ್ಕೂ ಪ್ರಾಧಿಕಾರವನ್ನು ಮೊದಲು ಕೇಳಬೇಕು. ಪಕ್ಕದವರು ಕಟ್ಟಿದ್ದಾರಲ್ಲ ಎಂಬುದು ಉತ್ತರವಲ್ಲ.

ಕಟ್ಟುವಾಗ

ಎಲ್ಲಕ್ಕಿಂತ ಮೊದಲು ನೀರು. ಕುಷ್ಟಗಿ, ಯಲಬುರ್ಗಾ ಭಾಗದ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬೋರು ಬಿದ್ದ ದಿನವೇ ನೀರನ್ನು ಪರೀಕ್ಷೆಗೆ ಕೊಡಬೇಕು. ಬೇಸಿಗೆಯಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಓಣಿಯ ಹೆಣ್ಣುಮಕ್ಕಳನ್ನು ಕೇಳಿದರೆ ನಿಜ ತಿಳಿಯುತ್ತದೆ. ಅದಕ್ಕೆ ತಕ್ಕಂತೆ ನೆಲದ ಟಾಕಿ ಕಟ್ಟಿಸಬೇಕು. ಆರು ಮನೆಗೆ ಎರಡು ಮನೆಯ ಟಾಕಿ ಕಟ್ಟಿಸಿ ಆಮೇಲೆ ಟ್ಯಾಂಕರಿಗೆ ದುಡ್ಡು ಸುರಿಯುವವರು ಬಹಳ.

ಪ್ರತಿ ಮನೆಗೂ ಬೇರೆ ಬೇರೆ ಜೆಸ್ಕಾಂ ಮೀಟರು ಇರಲಿ. 2023ರಿಂದ ಗೃಹಜ್ಯೋತಿ ಯೋಜನೆ ಇರುವುದರಿಂದ ಬಾಡಿಗೆದಾರರು ಈಗ ಮನೆ ನೋಡಲು ಬಂದಾಗ ಮೊದಲು ಕೇಳುವುದು ಬೇರೆ ಮೀಟರು ಇದೆಯೇ ಎಂದೇ. ಆದರೆ ಮೀಟರು ಸಿಗಲು ಕಟ್ಟಡ ನಕ್ಷೆಯಂತೆ ಇರಬೇಕು. ಕಟ್ಟಡ ಪೂರ್ಣಗೊಂಡ ಅಥವಾ ವಾಸಯೋಗ್ಯ ಪತ್ರ ಇಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಈ ವಿಷಯ ಬಿಗಿಯಾಗಿದೆ. ಎರಡು ಅಂತಸ್ತಿಗೆ ಪರವಾನಗಿ ತೆಗೆದುಕೊಂಡು ಮೂರನೆಯದನ್ನು ಕದ್ದು ಏರಿಸುವ ಅಭ್ಯಾಸದವರು ಮೂರನೆಯದಕ್ಕೆ ಕರೆಂಟು ಇಲ್ಲದೆ ಕೂರಬೇಕಾದೀತು. ಮೇಲಿನ ಅಂತಸ್ತಿನ ಬಿಸಿಲಿನ ಬಗ್ಗೆಯೂ ಒಂದು ಮಾತು: ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಮಾಳಿಗೆಗೆ ಬಿಳಿ ಹೆಂಚು ಹಾಸಿದ ಖರ್ಚು, ಮೇಲಿನ ಮನೆ ಪ್ರತಿ ಬೇಸಿಗೆ ಖಾಲಿಯಾಗುವ ನಷ್ಟಕ್ಕಿಂತ ಕಡಿಮೆ.

ಕೊಳ್ಳುವುದು ಅಪಾರ್ಟ್‌ಮೆಂಟಿನ ಫ್ಲಾಟು ಆದರೆ, ಜಾಗ 500 ಚದರ ಮೀಟರಿಗಿಂತ ಹೆಚ್ಚಿರುವ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆ ರೇರಾದಲ್ಲಿ ನೋಂದಣಿಯಾಗಿರಬೇಕು. ತಾನೇ ಇಟ್ಟುಕೊಂಡು ಬಾಡಿಗೆಗೆ ಕೊಡುವ ಕಟ್ಟಡಕ್ಕೆ ಅದು ಬೇಡ.

ಯಾರಿಗೆ, ಯಾವುದಕ್ಕೆ ಕೊಡುವುದು

ಜೈನ ಕುಟುಂಬಗಳು ಹೆಚ್ಚು ತೊಡಕಿಗೆ ಸಿಕ್ಕುವುದು ಇಲ್ಲಿ. ಮಾಂಸದ ಅಂಗಡಿಗೆ, ಮದ್ಯದ ಅಂಗಡಿಗೆ ಮಳಿಗೆ ಕೊಡಬಾರದೆಂಬುದು ಎಲ್ಲರಿಗೂ ಸ್ಪಷ್ಟ. ಗಂಗಾವತಿಯಂಥ ಊರಿನಲ್ಲಿ ಕಷ್ಟದ ಪ್ರಶ್ನೆ ಬೇರೆ ಇದೆ: ಕೀಟನಾಶಕದ ಅಂಗಡಿ. ಭತ್ತದ ಸೀಮೆಯಲ್ಲಿ ಗೊಬ್ಬರ, ಕ್ರಿಮಿನಾಶಕದ ವ್ಯಾಪಾರಿ ಒಳ್ಳೆಯ ಬಾಡಿಗೆ ಕೊಡಬಲ್ಲ ಗಿರಾಕಿ, ಹೇಳಿದ ದಿನ ದುಡ್ಡು ಕೊಡುವವ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ತಾನು ವ್ಯಾಪಾರ ಮಾಡುತ್ತಿಲ್ಲ, ಬರೀ ಮಳಿಗೆ ಕೊಟ್ಟಿದ್ದೇನೆ ಎನ್ನುವವರೂ ಇದ್ದಾರೆ; ಆ ಬಾಡಿಗೆಯ ದುಡ್ಡನ್ನು ಮನೆಯ ಅಡುಗೆಗೆ ಬಳಸಲು ಒಪ್ಪದ ಹಿರಿಯರೂ ಇದ್ದಾರೆ. ಇದನ್ನು ಪ್ರತಿ ಕುಟುಂಬ ತನ್ನ ವ್ರತ, ಗುರುಗಳ ಮಾತಿನಂತೆ ತೀರ್ಮಾನಿಸಬೇಕು. ಆದರೆ ತೀರ್ಮಾನ ಆಗಬೇಕಾದದ್ದು ಮಳಿಗೆ ಕಟ್ಟುವ ಮೊದಲು. ಕೀಟನಾಶಕದವರಿಗೆ ಕೊಡುವುದಿಲ್ಲ ಎಂದಾದರೆ ಆ ಬಾಡಿಗೆಯನ್ನು ಲೆಕ್ಕದಿಂದ ಬಿಟ್ಟೇ ಯೋಜನೆ ಹಾಕಬೇಕು. ಗೋದಾಮಿನ ವಿಷಯವೂ ಹಾಗೆಯೇ; ದಾಸ್ತಾನು ಮಾಡಿದ ಕಾಳಿಗೆ ಹುಳು ಹಿಡಿಯದಂತೆ ಹೊಗೆ ಹಾಕುತ್ತಾರೆ.

ಮಳಿಗೆಯನ್ನು ಯಾವುದಕ್ಕೆ ಬಳಸಬಾರದು, ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ವ್ಯಾಪಾರ ಬದಲಿಸಬಾರದು, ಬೇರೆಯವರಿಗೆ ಒಳಬಾಡಿಗೆ ಕೊಡಬಾರದು ಎಂಬ ಮೂರು ಷರತ್ತು ಕರಾರಿನಲ್ಲಿ ಬರೆದಿರಬೇಕು. ಬಾಯಿಮಾತಿನಲ್ಲಿ ಕಿರಾಣಿ ಅಂಗಡಿ ಎಂದು ಹಿಡಿದು ಎರಡು ವರ್ಷದ ಮೇಲೆ ಮೊಟ್ಟೆ ಸೆಂಟರ್ ಆದಾಗ ಕರಾರಿಲ್ಲದ ಮಾಲೀಕನಿಗೆ ಜಗಳವೊಂದೇ ಉಳಿಯುತ್ತದೆ. ವಾಸದ ಮನೆಗಳಲ್ಲಿ ಅಡುಗೆಯ ಷರತ್ತು ಹಾಕುವವರು ಅದನ್ನು ಮೊದಲ ದಿನವೇ ಮುಖಕ್ಕೆ ಮುಖ ಹೇಳಬೇಕು, ಎಲ್ಲರಿಗೂ ಒಂದೇ ರೀತಿ ಹೇಳಬೇಕು. ಊಟದ ನೆಪ ಇಟ್ಟುಕೊಂಡು ಜಾತಿ ವಿಚಾರಿಸುವುದು ಬೇರೆ ವಿಷಯ. ಅದು ಅಹಿಂಸೆಯ ಹೆಸರಿಗೆ ಒಪ್ಪುವಂಥದ್ದಲ್ಲ.

ಕರಾರು ಹನ್ನೊಂದು ತಿಂಗಳದ್ದೇ ಏಕೆ ಎಂದು ಕೇಳುವವರಿಗೆ: ಒಂದು ವರ್ಷ ಮೀರಿದ ಬಾಡಿಗೆ ಕರಾರು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಬ್ಯಾಂಕು, ದೊಡ್ಡ ಕಂಪನಿಗಳ ಮಳಿಗೆಗೆ ದೀರ್ಘ ಕರಾರು ಮಾಡುವುದಾದರೆ ನೋಂದಣಿ ತಪ್ಪಿಸಬಾರದು. ಬಾಡಿಗೆದಾರ ಬಿಡದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ಲಿಖಿತ ನೋಟಿಸು, ಆಮೇಲೆ ಕೋರ್ಟು. ಬೀಗ ಒಡೆಯುವುದು, ನೀರು ನಿಲ್ಲಿಸುವುದು ಮಾಲೀಕನನ್ನೇ ಆರೋಪಿ ಮಾಡುತ್ತವೆ. ಲೀಸ್ ಎಂದು ಒಮ್ಮೆಗೇ ನಾಲ್ಕೈದು ಲಕ್ಷ ಪಡೆದು ಮನೆ ಕೊಡುವ ರೂಢಿ ಕೊಪ್ಪಳದಲ್ಲೂ ಬೆಳೆಯುತ್ತಿದೆ. ಅದು ಆದಾಯವಲ್ಲ, ಸಾಲ. ಆ ಹಣವನ್ನು ಅಂಗಡಿಯ ಮಾಲಿಗೆ ಹಾಕಿ, ಬಾಡಿಗೆದಾರ ಬಿಡುವ ದಿನ ಹೊಂದಿಸಲಾಗದೆ ಒದ್ದಾಡುವವರಿದ್ದಾರೆ. ಪಡೆದ ಹಣ ಬೇರೆ ಠೇವಣಿಯಲ್ಲಿ ಇದ್ದರೆ ಮಾತ್ರ ಲೀಸಿಗೆ ಕೊಡಬಹುದು.

ಕುಟುಂಬದೊಳಗೆ

ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು. ತಂದೆ 2005ಕ್ಕೂ ಮೊದಲು ತೀರಿಕೊಂಡಿದ್ದರೂ ಈ ಹಕ್ಕು ಇದೆಯೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಯಲಬುರ್ಗಾದ ಹಳೆಯ ವಾಡೆಯನ್ನು ಅಣ್ಣತಮ್ಮಂದಿರು ಕೆಡವಿ, ಸಾಲ ತೆಗೆದು ಬಾಡಿಗೆ ಕಟ್ಟಡ ಎಬ್ಬಿಸಿದ ಮೇಲೆ ಸೊಲ್ಲಾಪುರಕ್ಕೋ ಬೆಳಗಾವಿಗೋ ಕೊಟ್ಟ ಅಕ್ಕ ತನ್ನ ಪಾಲು ಕೇಳಿದರೆ ತಪ್ಪು ಅವಳದಲ್ಲ. ಕಟ್ಟುವ ಮೊದಲೇ ವಾರಸಾ ಮಾಡಿಸಿ, ವಾಟ್ನಿ ಅಥವಾ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಬೇಕು. ಅಕ್ಕತಂಗಿಯರಿಗೆ ಸಲ್ಲಬೇಕಾದದ್ದನ್ನು ಕೊಟ್ಟು ಸಹಿ ಪಡೆಯಬೇಕು. ಬ್ಯಾಂಕೂ ಅದನ್ನೇ ಕೇಳುತ್ತದೆ. ಕಟ್ಟಡ ಜಂಟಿಯಾಗಿಯೇ ಉಳಿಯುವುದಾದರೆ ಬಾಡಿಗೆ ಯಾರ ಖಾತೆಗೆ ಬರುತ್ತದೆ, ರಿಪೇರಿಗೆ ಎಷ್ಟು ತೆಗೆದಿಡಬೇಕು, ಪಾಲು ಹೇಗೆ ಎಂದು ಒಂದು ಹಾಳೆಯ ಮೇಲೆ ಬರೆದು ಎಲ್ಲರೂ ಸಹಿ ಮಾಡಬೇಕು. ಊರಲ್ಲಿ ಉಳಿದ ತಮ್ಮನೇ ಬಾಡಿಗೆ ವಸೂಲಿ, ರಿಪೇರಿ ನೋಡಿಕೊಳ್ಳುವುದಾದರೆ ಅವನ ದುಡಿಮೆಗೆ ಶೇ 5ರಿಂದ 10ರಷ್ಟು ಬಿಟ್ಟುಕೊಡುವುದು ನ್ಯಾಯ. ಹಾಗೆ ಕೊಟ್ಟ ಮನೆಗಳಲ್ಲಿ ಲೆಕ್ಕ ಸರಿಯಾಗಿ ಸಿಗುತ್ತದೆ.

ಗೃಹಸ್ಥರ ಪರಿಗ್ರಹ ಪರಿಮಾಣ ವ್ರತದಲ್ಲಿ ಮಿತಿ ಹಾಕಿಕೊಳ್ಳಬೇಕಾದವುಗಳ ಪಟ್ಟಿ ಆರಂಭವಾಗುವುದೇ ಕ್ಷೇತ್ರ ಮತ್ತು ವಾಸ್ತುವಿನಿಂದ, ಅಂದರೆ ಹೊಲ ಮತ್ತು ಮನೆಯಿಂದ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಅತಿಚಾರಗಳನ್ನು ಹೇಳುವಲ್ಲಿ ಇದು ಬರುತ್ತದೆ. ವ್ರತ ತೆಗೆದುಕೊಂಡ ಹಿರಿಯರಿರುವ ಮನೆಗಳಲ್ಲಿ ಇದಕ್ಕೆ ವ್ಯವಹಾರದ ಬೆಲೆಯೂ ಇದೆ. ಎರಡು ಕಟ್ಟಡ ಎಂದು ಮಿತಿ ಹಾಕಿಕೊಂಡವರು ಮೂರನೆಯದನ್ನು ಸೊಸೆಯ ಹೆಸರಿನಲ್ಲಿ ಕೊಂಡು ವ್ರತ ಉಳಿಯಿತೆನ್ನುವುದು ಸರಿಯೇ ಎಂಬುದನ್ನು ಅವರವರೇ ಕೇಳಿಕೊಳ್ಳಬೇಕು. ಮಿತಿ ಮುಟ್ಟಿದ ಮೇಲೆ ಕೆಲವರು ಹಿಡಿದ ದಾರಿ ಚೆನ್ನಾಗಿದೆ: ಆರರಲ್ಲಿ ಒಂದು ಮನೆಯ ಬಾಡಿಗೆಯನ್ನು ಔಷಧ ದಾನಕ್ಕೋ ಶಾಸ್ತ್ರ ದಾನಕ್ಕೋ ಮೀಸಲಿಟ್ಟು, ಅದಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆದು ನಡೆಸುವುದು.

ಬಸದಿ, ಸಂಘಗಳ ಸಮಿತಿಗಳಿಗೂ ಇದರಲ್ಲಿ ಒಂದು ಕೆಲಸವಿದೆ. ಅನೇಕ ಕಡೆ ಬಸದಿಯ ಮಳಿಗೆಗಳು ಮೂವತ್ತು ವರ್ಷದ ಹಿಂದಿನ ಬಾಡಿಗೆಯಲ್ಲೇ ನಿಂತಿರುತ್ತವೆ, ಬಾಡಿಗೆದಾರರು ಸಮಾಜದವರೇ ಆಗಿರುತ್ತಾರೆ, ಸಂಕೋಚಕ್ಕೆ ಯಾರೂ ಕೇಳುವುದಿಲ್ಲ. ಹೊಸ ಮಳಿಗೆ ಕಟ್ಟಲು ಚಂದಾ ಎತ್ತುವ ಮೊದಲು ಇರುವ ಮಳಿಗೆಗಳ ಕರಾರನ್ನು ತೆಗೆದು ನೋಡಿ, ವಾರ್ಷಿಕ ಸಭೆಯಲ್ಲಿ ಬಾಡಿಗೆಯನ್ನು ಓದಿ ಹೇಳಿ, ಇಂದಿನ ದರಕ್ಕೆ ಹೊಸ ಕರಾರು ಬರೆಸಿದರೆ ಎಷ್ಟೋ ಕಡೆ ನಿತ್ಯಪೂಜೆಯ ಖರ್ಚು ಅದರಲ್ಲೇ ಹೊರಡುತ್ತದೆ.